ಭೂತಗನ್ನಡಿಯವರ ಕೈ

ಭೂತಗನ್ನಡಿಯವರನ್ನು ಅವಳು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಒಂಬತ್ತೂಕಾಲಿಗೆ. ಕೆಲಸಕ್ಕೆ ಸೇರಿ ಹದಿನೈದು ನಿಮಿಷ ಆಗಿತ್ತು ಅಷ್ಟೆ. ಪೊರಕೆ ಹಿಡಿದು ಕೊನೆಯ ಕೋಣೆಯ ಬಾಗಿಲು ತಳ್ಳಿದರೆ, ಕೋಟು ಹಾಕಿದ ದೊಡ್ಡ ಮನುಷ್ಯರೊಬ್ಬರು ಮೇಜಿನ ಕೆಳಗೆ ಮಂಡಿಯೂರಿ, ನೆಲಕ್ಕೆ ಕೆನ್ನೆ ಕೊಟ್ಟುಕೊಂಡಿದ್ದಾರೆ.

"ಅಲ್ಲೇ ನಿಲ್ಲಿ ಅಮ್ಮಾ," ಅಂದರು, ತಲೆ ಎತ್ತದೆ. "ಕಾಲು ಎತ್ತಬೇಡಿ, ಪೊರಕೆ ಆಡಿಸಬೇಡಿ. ಉಸಿರು ಬೇಕಾದ್ರೆ ಬಿಡಬಹುದು."

ಅವಳು ನಿಂತಳು. ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ. ಎದುರು ಗೋಡೆಯಲ್ಲಿ ಗಡಿಯಾರ ಇತ್ತು, ಹಾಗಾಗಿ ನಿಂತದ್ದು ಇಪ್ಪತ್ತು ನಿಮಿಷ ಅಂತ ಸರಿಯಾಗಿ ಗೊತ್ತು. ಆ ಮನುಷ್ಯರು ಬೆವೆತು ಮೇಜಿನ ಕಾಲಿಗೆ ಒರಗಿ ಕೂತಾಗ ಅವಳು ಮೆಲ್ಲಗೆ, "ಸಾರ್, ನಿಮ್ಮ ಪ್ಯಾಂಟಿನ ಮಡಿಕೆಯಲ್ಲಿ ಏನೋ ಇದೆ," ಅಂದಳು.

ಎಡಗಾಲಿನ ಮಡಿಕೆಯಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕದೊಂದು ಬೆಳ್ಳಿ ನಾಣ್ಯ ಇತ್ತು.

"ಯಾವಾಗ ಕಂಡಿದ್ದು?"

"ಬಂದ ತಕ್ಷಣ ಸಾರ್."

"ಮತ್ತೆ ಬಾಯಿ ಬಿಡಲಿಲ್ಲ?"

"ಉಸಿರು ಬಿಡಬಹುದು ಅಂದ್ರಿ. ಮಾತಾಡಬಹುದು ಅನ್ನಲಿಲ್ಲ."

ಅವರು ನಕ್ಕ ನಗುವಿಗೆ ತಲೆ ಮೇಜಿಗೆ ಬಡಿಯಿತು. ಆ ನಗು ನೆನಪಾದರೆ ಅವಳಿಗೆ ಇವತ್ತಿಗೂ ತಲೆ ಮೇಲೇಳುವುದಿಲ್ಲ. ನಾಣ್ಯವನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿದ ಆ ಕೈಯನ್ನು ಕೆಲಸದಿಂದ ಬಿಡಿಸಿದವಳು ಅವಳೇ. ಬಾಯಿ ಬಿಡಬೇಕಾದಾಗ ಬಿಡದೆ ಬಿಡಿಸಿದಳು.

ಕನ್ನಡಕದ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಮೂರು ಕೋಣೆ. ಮೊದಲನೆಯದರಲ್ಲಿ ಯಜಮಾನಿ, ಪಾರ್ಸೆಲ್ಲು, ಬೀರು. ನಡುವಿನದರಲ್ಲಿ ಫೋಟೋದವನು, ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಕೊನೆಯದರಲ್ಲಿ ಉತ್ತರಕ್ಕೆ ತೆರೆದ ಕಿಟಕಿ, ಅದಕ್ಕೆ ಕರಿಕಲ್ಲಿನ ಕಟ್ಟೆ, ತಕ್ಕಡಿ, ಮೈಕ್ರೋಸ್ಕೋಪು, ಗೋಡೆ ತುಂಬ ನಾಣ್ಯದ ಚಿತ್ರಗಳ ಪುಸ್ತಕ, ಮತ್ತು ಭೂತಗನ್ನಡಿಯವರು. ಆ ಹೆಸರು ಇಟ್ಟವನು ಫೋಟೋದವನು. ಅವಳಿಗೆ ಟೀಯಮ್ಮ ಅಂತ ಇಟ್ಟವನೂ ಅವನೇ. ಗುಡಿಸುವುದು, ಒರೆಸುವುದು, ದಿನಕ್ಕೆ ನಾಲ್ಕು ಸಲ ಟೀ ಮಾಡುವುದು ಅವಳ ಕೆಲಸ.

ಭೂತಗನ್ನಡಿಯವರ ಕೆಲಸ ಏನೆಂದು ತಿಳಿಯುವುದಕ್ಕೆ ಅವಳಿಗೆ ಒಂದು ತಿಂಗಳು ಬೇಕಾಯಿತು. ಎಲ್ಲೆಲ್ಲಿಂದಲೋ ಜನ ಹಳೇ ಗ್ರೀಕರ ಬೆಳ್ಳಿ ನಾಣ್ಯ ಕಳಿಸುತ್ತಿದ್ದರು. ಅದು ಅಸಲೋ ಖೋಟಾವೋ, ಯಾವ ಊರಿನದು, ಯಾರ ಕಾಲದ್ದು, ಎಷ್ಟು ಚೆನ್ನಾಗಿ ಉಳಿದಿದೆ, ಇಷ್ಟನ್ನು ನೋಡಿ ಒಂದು ಚೀಟಿಯಲ್ಲಿ ಬರೆದು, ನಾಣ್ಯವನ್ನೂ ಚೀಟಿಯನ್ನೂ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ ಮುಚ್ಚಿದರೆ ಮುಗಿಯಿತು. ಆಮೇಲೆ ಆ ಡಬ್ಬಿಯ ಮಾತೇ ಮಾತು. ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ ಅನ್ನುವುದಕ್ಕೆ ಐದಕ್ಕೆ ಇಷ್ಟು, ಮೈ ಹೇಗಿದೆ ಅನ್ನುವುದಕ್ಕೆ ಐದಕ್ಕೆ ಇಷ್ಟು ಅಂತ ಅಂಕ.

"ಅಚ್ಚು ಬೇರೆ, ಮೈ ಬೇರೆ ಅಮ್ಮಾ," ಅನ್ನುತ್ತಿದ್ದರು ಟೀ ಕುಡಿಯುತ್ತಾ. "ಒಳ್ಳೇ ಮನೇಲಿ ಹುಟ್ಟಿ ಹಾಳಾಗಿ ಹೋದೋರು ಇರಲ್ವಾ, ಹಾಗೆ."

ಎರಡು ನಾಣ್ಯ ಒಂದೇ ಅಚ್ಚಿನವು ಅಂತ ಪುಸ್ತಕದಲ್ಲಿ ಹೊಂದಿಸಿ ಕಂಡುಹಿಡಿದರೆ ಅವರಿಗೆ ಹಬ್ಬ. "ಅಣ್ಣ ಸಿಕ್ಕಿದ," ಅಂತ ಹೇಳುವರು. ಅಥೆನ್ಸಿನ ಗೂಬೆ ನಾಣ್ಯ ಬಂದ ದಿನ ಫೋಟೋದವನಿಗೆ ಹಬ್ಬ. "ಇವತ್ತು ಹದಿನಾಲ್ಕು ಗೂಬೆ ಬಂದಿವೆ ಟೀಯಮ್ಮ, ಯಾರ ತಲೆ ಮೇಲೆ ಕೂರಿಸೋಣ?" ಅನ್ನುವನು. ಎಲ್ಲರೂ ನಗುವರು, ಅವಳೂ ನಗುವಳು.

ಅವಳಿಗೆ ಓದು ಅಷ್ಟಕ್ಕಷ್ಟೆ. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಅಂಕಿ ಮಾತ್ರ ಕಣ್ಣಿಗೆ ಬಿದ್ದರೆ ತಪ್ಪುವುದಿಲ್ಲ. ತೀರಿಹೋದ ಗಂಡ ಬೆಳ್ಳಿ ಸಾಮಾನು ಬೆಸೆಯುವವನು, ಮೂರಡಿ ಅಗಲದ ಅಂಗಡಿ. ತೂಕ ನೋಡಿ ಗಟ್ಟಿಯಾಗಿ ಓದಿ ಹೇಳುವ ಕೆಲಸ ಮೂವತ್ತು ವರ್ಷ ಅವಳದೇ ಆಗಿತ್ತು. ಒಂದು ದಿನ ಭೂತಗನ್ನಡಿಯವರು ಹದಿನೇಳು ಪಾಯಿಂಟ್ ಎರಡು ಒಂದು ಗ್ರಾಮನ್ನು ಹದಿನೇಳು ಪಾಯಿಂಟ್ ಒಂದು ಎರಡು ಅಂತ ಬರೆದದ್ದನ್ನು ಮೇಜು ಒರೆಸುತ್ತಾ ಕಂಡು ಹೇಳಿದಳು. ಅವರು ಚೀಟಿ ನೋಡಿದರು, ಅವಳನ್ನು ನೋಡಿದರು. "ಇನ್ಮೇಲೆ ತೂಕ ನಿಮ್ಮದು," ಅಂದರು. ಪ್ರತಿ ನಾಣ್ಯವನ್ನೂ ಮೂರು ಸಲ ತೂಗಿ ಮೂರೂ ಸಲ ಬರೆಯಬೇಕು. ಹತ್ತಿಯ ಕೈಗವಸು ಹಾಕದೆ, ಕೈ ತೊಳೆದು ಒರೆಸಿ, ಅಂಚು ಮಾತ್ರ ಮುಟ್ಟಬೇಕು. ಗವಸು ಹಾಕಿದರೆ ಜಾರುತ್ತದೆ.

ಒಂದು ಸಲ ಅವಳೇ ಕೇಳಿದ್ದಳು. "ಸಾರ್, ಕಲ್ಲಿನ ಮೇಲೆ ಬಿಟ್ಟು ನೋಡಿದ್ರೆ ಸದ್ದಲ್ಲೇ ಗೊತ್ತಾಗುತ್ತಲ್ವಾ? ನಮ್ಮನೆಯವರು ಹಾಗೇ ನೋಡ್ತಿದ್ದರು. ಒಳ್ಳೇ ಬೆಳ್ಳಿ ಹಾಡುತ್ತೆ, ಕಲಬೆರಕೆ ಕೆಮ್ಮುತ್ತೆ."

"ಅಯ್ಯೋ, ಬೇಡಮ್ಮಾ ಬೇಡ. ಇಲ್ಲಿ ಬಡಿಯೋ ಮಾತೇ ಇಲ್ಲ. ಯಾಕೆ ಅಂದ್ರೆ..." ಅನ್ನುವಷ್ಟರಲ್ಲಿ ಫೋನು ಬಂತು. ಆ "ಯಾಕೆ ಅಂದ್ರೆ" ಅಲ್ಲೇ ಉಳಿಯಿತು. ನಡುವಿನ ಕೋಣೆಯಿಂದ ಫೋಟೋದವನು, "ಟೀಯಮ್ಮನ ಕಿವಿಗೆ ಐದಕ್ಕೆ ಐದು. ಕಿವಿಗೂ ಒಂದು ಡಬ್ಬಿ ಮಾಡಿಸೋಣ," ಅಂದ. ತಮಾಷೆಯೇ. ಆದರೂ ಗಂಡನ ವಿದ್ಯೆಯನ್ನು ಆಡಿಕೊಂಡ ಹಾಗಾಗಿ ಅವಳಿಗೆ ಚುಚ್ಚಿತು.

ನಾಲ್ಕನೇ ವರ್ಷ ತೆನೆಯ ನಾಣ್ಯ ಬಂತು. ಇಟಲಿಯ ಕೆಳತುದಿಯಲ್ಲಿ ಗ್ರೀಕರು ಕಟ್ಟಿದ್ದ ಒಂದು ಊರಿನದಂತೆ. ಅಗಲ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ದಪ್ಪ ಮಾತ್ರ ಎಲೆಯಷ್ಟು. ಒಂದು ಬದಿಗೆ ಜವೆಗೋಧಿಯ ತೆನೆ ಉಬ್ಬಿಕೊಂಡಿದೆ, ತಿರುಗಿಸಿದರೆ ಅದೇ ತೆನೆ ತಗ್ಗಾಗಿ ಒಳಗಿಳಿದಿದೆ. ತೆನೆಯ ಪಕ್ಕದಲ್ಲಿ ಒಂದು ಮಿಡತೆ. ಬಂದ ನಾಣ್ಯಗಳಲ್ಲೆಲ್ಲ ಅವಳಿಗೆ ಯಾರೂ ಬಿಡಿಸಿ ಹೇಳದೆ ಅರ್ಥವಾದದ್ದು ಅದೊಂದೇ.

ಭೂತಗನ್ನಡಿಯವರಿಗೆ ಅದರ ಮೇಲೆ ಅನುಮಾನ. ಇರಬೇಕಾದದ್ದಕ್ಕಿಂತ ತೂಕ ಸ್ವಲ್ಪ ಕಡಿಮೆ, ಮೈ ಒಂಥರಾ ಮಂಕು. ಎರಕ ಹೊಯ್ದ ಖೋಟಾ ಇರಬಹುದು, ಇಲ್ಲದಿರಬಹುದು. ಮೂರು ದಿನ ಅದರ ಮೇಲೆ ಕೂತರು. ಯಜಮಾನಿ ಬಾಗಿಲಲ್ಲಿ ನಿಂತು, "ಒಂದು ತೆನೆ ಕೊಯ್ಯೋಕೆ ಮೂರು ದಿನ ಬೇಕಾ ಸಾರ್?" ಅಂದರು.

"ಬಿತ್ತಿ ಎರಡೂವರೆ ಸಾವಿರ ವರ್ಷ ಆಗಿದೆ ಮೇಡಂ. ಇನ್ನೊಂದು ದಿನ ಕಾಯುತ್ತೆ ಬಿಡಿ."

ಮೂರನೇ ದಿನ ಮಧ್ಯಾಹ್ನ ಅವರು ಮುಂದಿನ ಕೋಣೆಗೆ ಹೋಗಿ ಬೀರುವಿನಲ್ಲಿ ಏನೋ ಹಳೇ ಪುಸ್ತಕ ಹುಡುಕುತ್ತಿದ್ದರು. "ಅಮ್ಮಾ, ಅಷ್ಟರಲ್ಲಿ ಅದನ್ನ ಇನ್ನೊಂದ್ಸಲ ತೂಗಿಡಿ," ಅಂದಿದ್ದರು. ಕೋಣೆಯಲ್ಲಿ ಅವಳು ಒಬ್ಬಳೇ. ತಕ್ಕಡಿಯ ಪಕ್ಕದಲ್ಲೇ ಕಿಟಕಿಯ ಕರಿಕಲ್ಲು. ಮೂರು ದಿನದಿಂದ ಊಟ ಸೇರದೆ ಕೂತ ಮನುಷ್ಯರಿಗೆ ಒಂದು ಕ್ಷಣದಲ್ಲಿ ಉತ್ತರ ಹೇಳಿಬಿಡಬಹುದು ಅನ್ನಿಸಿತು. ಸಹಾಯ ಮಾಡೋಣ ಅನ್ನುವುದು ಮುಕ್ಕಾಲು. ನನ್ನ ಕಿವಿ ಏನೆಂದು ತೋರಿಸೋಣ ಅನ್ನುವುದು ಕಾಲು. ಆ ಕಾಲನ್ನು ಅವಳು ಆಮೇಲೆ ಯಾವತ್ತೂ ಕಡಿಮೆ ಮಾಡಿ ಹೇಳಿಕೊಂಡಿಲ್ಲ.

ಎರಡು ಬೆರಳಿನ ಎತ್ತರದಿಂದ, ಚಪ್ಪಟೆಯಾಗಿ, ಕಲ್ಲಿನ ಮೇಲೆ ಬಿಟ್ಟಳು.

ಹಾಡಲಿಲ್ಲ. ಕೆಮ್ಮಲೂ ಇಲ್ಲ. ಒಣ ಕಟ್ಟಿಗೆಯ ಚಕ್ಕೆ ಬಿದ್ದ ಹಾಗೆ ಟಕ್ ಅಂತು, ಅಷ್ಟೆ. ಖೋಟಾ ಅಂತ ಅವಳ ಕಿವಿ ತೀರ್ಮಾನ ಕೊಟ್ಟೂ ಆಯಿತು. ಎತ್ತಿಕೊಂಡು ನೋಡಿದರೆ ಅಂಚಿನಿಂದ ತೆನೆಯ ಬುಡದ ಕಡೆಗೆ ಒಂದು ಗೆರೆ, ಕೂದಲಿಗಿಂತ ಸಣ್ಣದು. ಬೆಳಿಗ್ಗೆ ಅದು ಇರಲಿಲ್ಲ. ಇರಲಿಲ್ಲ ಅನ್ನುವುದು ಅವಳಿಗೆ ಖಂಡಿತ ಗೊತ್ತು, ಯಾಕೆಂದರೆ ಬೆಳಿಗ್ಗೆ ಮಿಡತೆಯ ಕಾಲು ಎಣಿಸಿದ್ದಳು.

ನಾಣ್ಯವನ್ನು ತಕ್ಕಡಿಯ ಮೇಲಿಟ್ಟಳು. ಏಳು ಪಾಯಿಂಟ್ ಐದು ಎಂಟು. ಮತ್ತೆ ಏಳು ಪಾಯಿಂಟ್ ಐದು ಎಂಟು. ಮೂರನೇ ಸಲವೂ ಅದೇ. ಬಿರುಕಿಗೆ ತೂಕ ಇರುವುದಿಲ್ಲ. ಮೂರೂ ಸಲ ಬರೆದಳು.

ಅವರು ಬಂದ ಕೂಡಲೇ ಹೇಳಬೇಕು ಅಂತಲೇ ಇದ್ದಳು. ಅವರು ಬಂದದ್ದು ಓಡಿಕೊಂಡು. ಕೈಯಲ್ಲಿ ಪುಸ್ತಕ, ಮುಖವೆಲ್ಲಾ ಬೆಳಕು. "ಸಿಕ್ಕಿದ ಅಮ್ಮಾ, ಅಣ್ಣ ಸಿಕ್ಕಿದ. ಅದೇ ಮಿಡತೆ, ಅದೇ ಮುರುಕು ಮೀಸೆ. ಒಂದೇ ಅಚ್ಚು. ಅಸಲು, ಅಪ್ಪಟ ಅಸಲು." ಯಜಮಾನಿ ಬಂದರು, ಫೋಟೋದವನು ಬಂದ. ಮೂರು ದಿನ ನೋಡಿ ನೋಡಿ ಮುಗಿಸಿದ ನಾಣ್ಯವನ್ನು ಅವರು ಮತ್ತೆ ಭೂತಗನ್ನಡಿಯ ಕೆಳಗೆ ಇಡಲಿಲ್ಲ. ಚೀಟಿ ಬರೆದರು. ನಾಣ್ಯದ ಅಂಚು ಹಿಡಿದು ಡಬ್ಬಿಯ ಬಿಳಿ ಬಳೆಯೊಳಗೆ ಕೂರಿಸಿ, ಹೆಬ್ಬೆರಳಲ್ಲಿ ಮೆತ್ತಗೆ ಒತ್ತಿದರು.

ಬಿಸ್ಕತ್ತು ಮುರಿದ ಸದ್ದು. ಎರಡು ಚೂರು.

ಮುರಿದ ಜಾಗ ಉಪ್ಪಿನ ಹರಳಿನ ಹಾಗೆ ಬೂದುಬೂದಾಗಿತ್ತು. "ಒಳಗೆಲ್ಲಾ ಹರಳುಗಟ್ಟಿದೆ," ಅಂದರು ಭೂತಗನ್ನಡಿಯವರು, ಬೇರೆ ಯಾರಿಗೋ ಪಾಠ ಹೇಳುವ ದನಿಯಲ್ಲಿ. "ಮಣ್ಣಲ್ಲಿ ಇದ್ದು ಇದ್ದು ಹಳೇ ಬೆಳ್ಳಿ ಹೀಗಾಗುತ್ತೆ. ಅಸಲಾದ್ರೂ ಸದ್ದು ಬರಲ್ಲ. ತಾಗಿಸಿದ್ರೆ ಗಾಜು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಜಾಸ್ತಿ ಒತ್ತಿದೆ."

ಫೋನು ಬಂದು ನಿಂತುಹೋಗಿದ್ದ "ಯಾಕೆ ಅಂದ್ರೆ" ಅವಳಿಗೆ ಪೂರ್ತಿಯಾದದ್ದು ಹೀಗೆ. ಅವರು ತಮ್ಮ ಬಲಗೈಯನ್ನು ಕಿಟಕಿಯ ಬೆಳಕಿಗೆ ಎತ್ತಿ ನೋಡಿಕೊಳ್ಳುತ್ತಿದ್ದರು, ಅದೂ ಯಾರೋ ಪರೀಕ್ಷೆಗೆ ಕಳಿಸಿದ ವಸ್ತುವೇನೋ ಅನ್ನುವ ಹಾಗೆ.

ಯಜಮಾನಿ ಬೈಯಲಿಲ್ಲ. ನಾಣ್ಯ ಕಳಿಸಿದವರೂ ದೊಡ್ಡ ಮನಸ್ಸಿನವರು, ಚೂರುಗಳನ್ನೇ ಕಳಿಸಿಕೊಡಿ ಅಂದರು. ಬೈದಿದ್ದರೆ ಅವಳ ಬಾಯಿ ತೆರೆಯುತ್ತಿತ್ತೋ ಏನೋ. ಬೈಯುವವರೇ ಇಲ್ಲದ ಮೇಲೆ ಹೇಳುವುದು ಯಾತಕ್ಕೆ ಅಂತ ಮೊದಲ ದಿನ ಅಂದುಕೊಂಡಳು. ತೂಕದ ಕೆಲಸ ಹೋಗುತ್ತದೆ ಅನ್ನುವ ಭಯ ಎರಡನೇ ದಿನದ್ದು. ಮೂರನೇ ದಿನ, ನೆನ್ನೆಯೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳಲಿ ಅನ್ನುವ ಭಯ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು. ಫೋಟೋದವನು ಅಭ್ಯಾಸಬಲದಿಂದ ಗೂಬೆಯ ಮಾತೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ಹೆಗಲಿಗೆ ಹೋಗುತ್ತಿತ್ತು.

ಒಂದು ವಾರಕ್ಕೆ ಭೂತಗನ್ನಡಿಯವರು ಕೆಲಸ ಬಿಡುವ ಕಾಗದ ಕೊಟ್ಟರು.

"ಒಂದು ಒಡೆದದ್ದಕ್ಕೆ ಇಷ್ಟಾ? ನಾನು ಮೂರು ಕ್ಯಾಮೆರಾ ಒಡೆದಿದೀನಿ," ಅಂದ ಫೋಟೋದವನು.

"ಕ್ಯಾಮೆರಾ ಅಂಗಡೀಲಿ ಸಿಗುತ್ತಪ್ಪಾ. ಮೂವತ್ತೊಂದು ವರ್ಷದಲ್ಲಿ ಒಂದೂ ಇಲ್ಲ, ಗೊತ್ತಾ? ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ಬೆರಳಿಗೆ ಅಂದಾಜು ತಪ್ಪುತ್ತೆ. ನಡುಕ ಬರೋದು ಆಮೇಲೆ. ಇನ್ನೊಬ್ಬರ ವಸ್ತು ಮುರಿದು ಗೊತ್ತುಮಾಡಿಕೊಳ್ಳಬೇಕಾ ನಾನು?"

ಕೊನೆಯ ದಿನ ಅವರ ಪುಸ್ತಕದ ಪೆಟ್ಟಿಗೆ ಹೊತ್ತು ಕೆಳಗಿಳಿಸಿದವಳು ಅವಳೇ. ಅವರು ಪೆಟ್ಟಿಗೆ ಮುಟ್ಟಲಿಲ್ಲ, ಬೀಳಿಸಿಬಿಟ್ಟೇನು ಅಂತ. ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು. "ಸಾರ್, ಒಂದು ಮಾತು," ಅಂದಳು. ಅವರು ಅವಳು ಅಳುತ್ತಾಳೆ ಅಂದುಕೊಂಡು, "ಹೋಗ್ಲಿ ಬಿಡಿ ಅಮ್ಮಾ. ಇಲ್ಲಿ ನಾನು ಎರಡನೇ ಸಲ ನೋಡದೆ ನಂಬಿದ್ದು ಒಂದೇ, ನಿಮ್ಮ ತೂಕ," ಅಂದರು. ಪೆಟ್ಟಿಗೆಯನ್ನು ಆಟೋದಲ್ಲಿಟ್ಟು ಮೇಲೆ ಬಂದಳು.

ಅಲ್ಲಿಂದ ಪ್ರತಿ ಭಾನುವಾರ ಅವರ ಮನೆಗೆ ಹೋಗುವುದನ್ನು ಹಿಡಿದಳು. ಎರಡು ಕೋಣೆಯ ಮನೆ. ಅವರು, ಅವರ ಅಕ್ಕ. ಅಕ್ಕ ಎಪ್ಪತ್ತರ ಹೆಂಗಸು, ಪ್ರೀತಿಯನ್ನೂ ಬೈಗುಳದಲ್ಲೇ ಬಡಿಸುವವರು. ತಮ್ಮನ ಕೈ ಹೋಯಿತು ಅಂತ ತಿಳಿದ ದಿನವೇ ಮನೆಯ ಗಾಜಿನ ಲೋಟ, ಪಿಂಗಾಣಿ ಬಟ್ಟಲು ಎಲ್ಲವನ್ನೂ ಅಟ್ಟಕ್ಕೆ ಏರಿಸಿದ್ದರು. ಅಂಗಿಯ ಗುಂಡಿ ತೆಗೆದು ಒತ್ತುಗುಂಡಿ ಹೊಲಿದಿದ್ದರು. ಸೇಬು ಅವರೇ ಹೆಚ್ಚಿ ಕೊಡುತ್ತಿದ್ದರು.

"ಅವನ ಕೈಗೆ ಏನೂ ಕೊಡಬೇಡಮ್ಮಾ," ಅನ್ನುವರು ಬಾಗಿಲಲ್ಲೇ. "ಕೊಟ್ಟೆಯೋ, ನೆಲ ಒರೆಸೋಳು ನೀನೇ."

"ಡಾಕ್ಟರು ಏನೂ ಇಲ್ಲ ಅಂದ್ರಲ್ಲಕ್ಕಾ?"

"ಡಾಕ್ಟರಿಗೇನು ಗೊತ್ತು? ನಾಣ್ಯಕ್ಕೆ ಗೊತ್ತು."

ಬಂದ ನೆಂಟರಿಗೆಲ್ಲ ಅಕ್ಕ ಅದನ್ನೇ ಹೇಳುತ್ತಿದ್ದರು, ತಮ್ಮ ಕೇಳಿಸಿಕೊಳ್ಳುವ ಹಾಗೆಯೇ. ಅವರು ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಟೀ ಕುಡಿಯುತ್ತಿದ್ದರು. ಅವಳು ಲೋಟದೊಳಗಿನ ಟೀಯನ್ನೇ ನೋಡುತ್ತಾ ಕೂರುತ್ತಿದ್ದಳು. ಎರಡು ವರ್ಷ, ನೂರಕ್ಕೆ ಮೇಲೆ ಭಾನುವಾರ, ಒಂದು ದಿನವೂ ಅದರ ಮೇಲೆ ಅಲೆ ಎದ್ದದ್ದನ್ನು ಕಾಣಲಿಲ್ಲ. ಕಲ್ಲಿನ ಹಾಗೆ ನಿಂತ ಕೈ. ಆ ಕೈಗೆ ಈಗ ಕೆಲಸ ಅಂದರೆ ಪತ್ರಿಕೆಯ ಹಾಳೆ ಮಗುಚುವುದು. ಅದೂ ಹರಿದೀತು ಅಂತ ನಿಧಾನಕ್ಕೆ.

ನೋಡಿ ಬಂದ ರಾತ್ರಿ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಹೋಗದೆ ಇದ್ದರೆ ಇನ್ನೂ ಕಷ್ಟ. "ಯಾರಮ್ಮಾ ಈಗಿನ ಕಾಲದಲ್ಲಿ ಇಷ್ಟು ನಿಯತ್ತು ಇಟ್ಟುಕೊಳ್ಳೋರು?" ಅಂತ ಅಕ್ಕ ಹೊಗಳಿದರೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ಹಾಗೆ ಮಾಡಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಮೂರನೇ ವರ್ಷದ ಮೊದಲಿಗೆ ಅವರಿಗೆ ಕೆಮ್ಮು ಹಿಡಿಯಿತು, ಎದೆಗೆ ಇಳಿಯಿತು. ಹಾಸಿಗೆ ಹಿಡಿದರು. ಆ ಸುದ್ದಿ ಗೊತ್ತಿದ್ದೇ ಯಜಮಾನಿ ಒಂದು ಶನಿವಾರ ಅವಳ ಕೈಗೆ ಪೊಟ್ಟಣವೊಂದನ್ನು ಕೊಟ್ಟು, "ಇದನ್ನ ಸಾರಿಗೆ ಒಂದ್ಸಲ ತೋರಿಸ್ಕೊಂಡು ಬಾ. ಇಲ್ಲಿ ಯಾರಿಗೂ ಧೈರ್ಯ ಬರ್ತಿಲ್ಲ," ಅಂದರು. ಬಿಚ್ಚಿ ನೋಡಿದರೆ ಇನ್ನೂ ಚೀಟಿ ಬರೆಯದ ಡಬ್ಬಿಯಲ್ಲಿ ಇನ್ನೊಂದು ತೆನೆಯ ನಾಣ್ಯ.

ಭಾನುವಾರ ಅದನ್ನು ಒಯ್ದಳು. ಅವರು ಮೂರು ದಿಂಬಿಗೆ ಒರಗಿ ಕೂತಿದ್ದರು. ಡಬ್ಬಿ ಕಂಡು ಕಣ್ಣು ಅರಳಿತು, ಕೈ ಮಾತ್ರ ಹೊದಿಕೆಯ ಒಳಗೆ ಹೋಯಿತು.

"ನೀವೇ ಹಿಡಿದು ತೋರಿಸಿ ಅಮ್ಮಾ. ನನ್ನ ಕೈಗೆ ಬೇಡ."

ಅವಳು ಹಿಡಿದಳು. ಕಿಟಕಿಯ ಕಡೆಗೆ ವಾರೆಯಾಗಿ, ಅವರು ಕಲಿಸಿದ ಹಾಗೆಯೇ. ತೆನೆ ಕಾಣಿಸಿತು. ಆಮೇಲೆ ತೆನೆ ಗಾಳಿಗೆ ತೂಗಿದ ಹಾಗೆ ಆಡತೊಡಗಿತು.

"ನಿಮ್ಮ ಕೈ ಯಾಕಮ್ಮಾ ನಡುಗ್ತಿದೆ?"

ಹೇಳಿದಳು. ನಿಂತುಕೊಂಡೇ ಹೇಳಿದಳು. ಕರಿಕಲ್ಲು, ಎರಡು ಬೆರಳಿನ ಎತ್ತರ, ಟಕ್ ಅಂದ ಸದ್ದು, ಕೂದಲಿಗಿಂತ ಸಣ್ಣ ಗೆರೆ, ಗೆರೆ ಕಂಡ ಮೇಲೂ ತೂಗಿ ಬರೆದ ಮೂರು ತೂಕ. ಸಹಾಯಕ್ಕೆ ಅಂತ ಮಾಡಿದ್ದು ಮುಕ್ಕಾಲು, ಜಂಭಕ್ಕೆ ಕಾಲು ಅನ್ನುವುದನ್ನೂ ಬಿಡಲಿಲ್ಲ. ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬಂತು. ಆಡಲಿಲ್ಲ. ಎರಡು ವರ್ಷದ ಮೇಲೆ ಅದನ್ನು ಕೇಳುವುದು ಇನ್ನೊಂದು ಕಳ್ಳತನ ಅನ್ನಿಸಿತು.

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಎತ್ತಿಡುವ ಸದ್ದು.

"ಯಾವ ಬದಿ ಕೆಳಗಿತ್ತು? ಉಬ್ಬೋ ತಗ್ಗೋ?"

"ಉಬ್ಬು ಕೆಳಗೆ ಸಾರ್."

"ಗೆರೆ ತೆನೆಯ ಬುಡದವರೆಗೂ ಹೋಗಿತ್ತಾ?"

"ಅರ್ಧದವರೆಗೆ. ನೀವು ಒತ್ತಿದಾಗ ಅಲ್ಲಿಂದಲೇ ಬಿಟ್ಟಿತು. ನಾನು ನೋಡ್ತಿದ್ದೆ."

"ನೋಡ್ತಿದ್ದಿರಿ," ಅಂದರು. ಸಿಟ್ಟಿನಲ್ಲಿ ಅಂದದ್ದಲ್ಲ, ಅದನ್ನು ಯಾವ ಸಾಲಿಗೆ ಬರೆಯುವುದೆಂದು ಗೊತ್ತಾಗದವರ ಹಾಗೆ. "ಅರ್ಧ ನೀವು ಮುರಿದು, ಮಿಕ್ಕ ಅರ್ಧಕ್ಕೆ ನನ್ನ ಕೈಗೆ ಕೊಟ್ರಿ."

ಅವಳು ಹೌದು ಅಂದಳು.

ಆಮೇಲೆ ಹೊದಿಕೆಯೊಳಗಿಂದ ಅವರ ಬಲಗೈ ಹೊರಗೆ ಬಂತು. ಅವಳ ಬೆರಳಿನಿಂದ ಡಬ್ಬಿಯನ್ನು ಎತ್ತಿಕೊಂಡು, ತೋಳು ಚಾಚಿ, ಬೆಳಕಿಗೆ ಹಿಡಿಯಿತು. ಉಸಿರಿಗೆ ಎದೆ ಏರಿಳಿಯುತ್ತಿತ್ತು, ಕೈ ಅಲುಗಲಿಲ್ಲ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. "ಇದು ಎರಕದ್ದು," ಅಂದರು. "ಮಿಡತೆಯ ಬೆನ್ನಲ್ಲಿ ನೋಡಿ, ಗುಳ್ಳೆ ಒಡೆದ ಗುಂಡಿ. ಮೇಡಂಗೆ ಹೇಳಿ, ಮೂರು ದಿನ ಬೇಕಾಗಲಿಲ್ಲ ಅಂತ." ಡಬ್ಬಿಯನ್ನು ವಾಪಸು ಕೊಡಲಿಲ್ಲ. ಎದೆಯ ಮೇಲೆ ಇಟ್ಟುಕೊಂಡು ತಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿದರು, ಬಿಡಿಸಿದರು. ಕಣ್ಣಲ್ಲಿ ನೀರಿತ್ತು. ಅದು ಸಂತೋಷಕ್ಕೋ, ಹೋದ ಎರಡು ವರ್ಷಕ್ಕೋ ಅವಳಿಗೆ ತಿಳಿಯಲಿಲ್ಲ. ಕೇಳುವ ಮುಖವೂ ಅವಳಿಗೆ ಇರಲಿಲ್ಲ.

ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹತ್ತೊಂಬತ್ತನೆಯ ದಿನಕ್ಕೆ ತೀರಿಹೋದರು. ಅಷ್ಟರಲ್ಲಿ ಮಾತು ನಿಂತಿತ್ತು. ಅಕ್ಕ ಈಗ ದಾರಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟಿ ಹೋಗುತ್ತಾರೆ, ಅದು ನ್ಯಾಯವೇ. ಅವರ ಮನೆಗೆ ಅವಳು ಮತ್ತೆ ಕಾಲಿಟ್ಟಿಲ್ಲ. ಆದರೆ ಅವರ ಅಟ್ಟದ ಮೇಲಿದ್ದ ಗಾಜಿನ ಲೋಟಗಳು ಆ ಭಾನುವಾರ ಸಂಜೆಯೇ ಕೆಳಗೆ ಇಳಿದವು, ಅದನ್ನು ಅವಳು ಕಣ್ಣಾರೆ ಕಂಡಳು. ಇಳಿಸಿದವರು ಅಕ್ಕನೇ. ಅಳುತ್ತಾ, ಅವಳನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ, ಒಂದೊಂದನ್ನೇ ತೊಳೆದು ಇಟ್ಟರು.

ಅದಕ್ಕೆ ಮುಂಚೆ, ಮೂರು ದಿಂಬಿಗೆ ಒರಗಿದ ಆ ಮನುಷ್ಯರು ಅಡುಗೆಮನೆಯ ಕಡೆಗೊಮ್ಮೆ ನೋಡಿದ್ದರು. ಅಕ್ಕ ಕೈ ಒರೆಸಿಕೊಳ್ಳುತ್ತಾ ಇತ್ತ ಬರುವ ಹೆಜ್ಜೆ ಕೇಳಿಸುತ್ತಿತ್ತು. ಅವರು ದನಿ ತಗ್ಗಿಸಿ, ಶಾಲೆಯ ಮಗು ಕೇಳುವ ಹಾಗೆ ಕೇಳಿದ್ದರು:

"ಅಮ್ಮಾ, ಈಗ ನಂಗೆ ಹೇಳಿದ್ರಲ್ಲ, ಇದನ್ನೇ ಹೀಗೇ ಅಕ್ಕನ ಮುಂದೆ ಒಂದ್ಸಲ ಹೇಳ್ತೀರಾ?"